ಭಾಷಿಗಿ ಹೆಸರಿಡೋ ಜಗಳ

ಎವ್ವಾ, ಈ ಬ್ಯಾಸಗ್ಯಾಗ ನಮ್ಮನ್ಯಾಗ ಒಂದು ಹೊಸಾ ಭಾಷಿ ಹುಟ್ಟ್ಯದ ನೋಡ್ರಿ. ಕಲಬುರಗಿ ಬಿಸಲಾಗ ಹೊರಗ ಬಿಡಂಗಿಲ್ಲಂತ ಮೊಮ್ಮಕ್ಕಳಿಬ್ಬರು ಒಳಗೇ ಕೂತು ನೋಟಬುಕ್ ತುಂಬ ಶಬ್ದ ಬರದಾರ. ನೀರಿಗಿ ‘ಟುಮಿ’, ಹಸಿವಿಗಿ ‘ಗೊಪ್ಪು’, ಮಾತಿಗಿ ‘ಝಿಲ್ಲ’. ನನಗ ‘ಮೋಕಾ’ ಅಂತಾರ. ಅಜ್ಜಿ ಅಂತ ಅರ್ಥಂತ, ನಂಬೀನಿ.

ಶಬ್ದಕ್ಕ ಜಗಳ ಇದ್ದಿಲ್ಲ, ಹೆಸರಿಗೇ ಜಗಳ. ಇಕಿ ತನ್ನ ಹೆಸರ ಇಡಬೇಕಂತಾಳ, ಅಕಿ ತಂದು. ನಾ ಪಿಯುಸಿ ಓದುವಾಗ ಮಾಸ್ತರೊಬ್ಬರು ಹೇಳಿದ್ದು ನೆನಪಾತು. 1887ರಾಗ ಜಾಮೆನ್‌ಹೋಫ್ ಅಂತ ಕಣ್ಣಿನ ಡಾಕ್ಟರು, ಲೋಕಕ್ಕೆಲ್ಲ ಒಂದೇ ಭಾಷಿ ಇರಲಿ ಅಂತ ಪುಸ್ತಕ ಮಾಡಿದರು. ಭಾಷಿಗಿ ಬರೇ ‘ಅಂತಾರಾಷ್ಟ್ರೀಯ ಭಾಷೆ’ ಅಂದಿದ್ದರು. ತಮ್ಮ ಖರೇ ಹೆಸರ ಮುಚ್ಚಿ ‘ಡಾಕ್ಟರ್ ಎಸ್ಪೆರಾಂಟೊ’ ಅಂತ ಹಾಕ್ಕೊಂಡಿದ್ದರು, ಆಸಿ ಇಟಗೊಂಡಾವ ಅಂತ ಅರ್ಥ. ಮಂದಿ ಆ ಹೆಸರೇ ಭಾಷಿಗಿ ಹಚ್ಚಿಬಿಟ್ಟರು. ನನ್ನ ಸೊಸಿ ಅಂದಳು, “ಬಾಹುಬಲಿ ಸಿನಿಮಾದಾಗ ಕಾಲಕೇಯರು ಆಡ್ತಾರಲ್ಲ, ಮದನ್ ಕಾರ್ಕಿ ಕಟ್ಟಿದ ಭಾಷಿ, ಅದರ ಹೆಸರು ಕಿಲಿಕಿ.” ಹುಡುಗ್ಯಾರು ನಾಲಿಗಿ ಟಕ್ ಟಕ್ ಮಾಡಕೋತ ಮನಿ ತುಂಬ ಓಡಿದರು. ಒಂದು ತಾಸು ಜಗಳ ನಿಂತಿತು.

ಅವಾಗ ಸಣ್ಣಾಕಿ ಕೇಳಿದಳು, “ಅಜ್ಜಿ, ನಿಂದ್ಯಾವ ಭಾಷಿ ಇತ್ತು?”

ಇತ್ತು. ಕಮಲಾಪುರದಾಗ, ತವರಮನ್ಯಾಗ, ನಂದೂ ನಮ್ಮಕ್ಕಂದೂ. ಒಂದೊಂದು ಅಕ್ಷರಕ್ಕ ‘ಪ’ ಹಚ್ಚೋದು. ಅಟ್ಟದ ಮ್ಯಾಲ ಹಣ್ಣಿಗಿ ಇಟ್ಟ ಕೆಂಪ ಬಾಳಿಗೊನಿ ಇರತಿತ್ತಲ್ಲ, ಅವ್ವನ ಮುಂದೇ ‘ಬಾಪ ಳಿಪ ಹಪ ಣ್ಣುಪ’ ಅಂದು ಮಿಕಮಿಕ ನಗ್ತಿದ್ದಿವಿ. ಅವ್ವಗ ತಿಳೀತಿದ್ದಿಲ್ಲ, ಅಥವಾ ತಿಳಿದೂ ಸುಮ್ಮನಿರತಿದ್ದಳೇನೋ.

ಅಕ್ಕನ ನೋಡಲಿಕ್ಕ ಸೊಲ್ಲಾಪುರದವರು ಬಂದಾಗ ಅಕಿಗಿ ಹದಿನಾರು. ಪಡಸಾಲ್ಯಾಗ ಎಲ್ಲರೂ ಕೂತಿದ್ದರು. ಅಕಿ ಚಾದ ತಾಟ ನನ್ನ ಕೈಯಾಗ ಕೊಟ್ಟು, ನಗಕೋತೇ, ‘ನಪ ನಪ ಗಪ ಬ್ಯಾಪ ಡಪ’ ಅಂದಳು. ನನಗ ಬ್ಯಾಡ. ಮಂದಿ ನಕ್ಕರು, ಹುಡುಗ್ಯಾರ ಆಟಂತ. ನಾ ಒಬ್ಬಾಕಿ ತಿಳಕೊಂಡೆ, ಚಾ ಹಂಚಿದೆ. ಯಾರಿಗೂ ಕನ್ನಡ ಮಾಡಿ ಹೇಳಲಿಲ್ಲ. ಹನ್ನೊಂದು ವರ್ಷದಾಕಿ ಯಾರ ಮುಂದ ಹೇಳಲಿ? ಆದರೂ ಅವ್ವನ ಕಿವ್ಯಾಗರೇ ಹೇಳಬಹುದಿತ್ತು. ಆ ತಿಂಗಳೇ ಲಗ್ನ ಆತು. ಅಲ್ಲಿಂದ ಆ ಭಾಷಿ ನಾವು ಆಡಿಲ್ಲ.

ಇದನ್ನ ಹುಡುಗ್ಯಾರಿಗಿ ಅರ್ಧಾ ಹೇಳಿದೆ, ಅರ್ಧಾ ಬಿಟ್ಟೆ. ನೋಟಬುಕ್ಕಿನ ಕೊನಿಗಿ ಒಂದು ಮಾತು ಬರೀರಿ ಅಂದೆ: ‘ಬ್ಯಾಡ’ ಅನ್ನೋ ಶಬ್ದ ನಮ್ಮನ್ಯಾಗ ಎಲ್ಲರಿಗೂ ಕಲಿಸಬೇಕು. ‘ಹುಶ್ಕಾ’ ಅಂತ ಮಾಡ್ಯಾರ. ನಮ್ಮ ಮನಿಯವರೂ ಕಲತಾರ, ದಿನಾ ಊಟಕ್ಕ ಅನ್ನ ಬಡಸುವಾಗ ಅಂತಾರ. ಹೆಸರು ಕಡೀಕ ‘ಝಿಲ್ಲ’ ಅಂತೇ ಇಟ್ಟರು, ಬರೇ ಮಾತು.

ರಾತ್ರಿ ಅಕ್ಕಗ ಫೋನ ಹಚ್ಚಿ ಕೇಳಿದೆ, ನಮ್ಮ ಭಾಷಿಗಿ ಏನಂತಿದ್ದೆವೇ? ಭಾಳ ಹೊತ್ತು ಸುಮ್ಮನಿದ್ದಳು.

“ಹೆಪ ಸಪ ರುಪ ಇಪ ದ್ದಿಪ ಲ್ಲಪ” ಅಂದಳು.