ನೀರಿಳಿದ ಮೇಲೆ ಅಘನಾಶಿನಿ

ವೀಕೆಂಡ್‌ಗೆ ಗೋಕರ್ಣ ಅಂತ ಹೊರಡುವವರು ಒಂದು ಬೆಳಗನ್ನ ಅಘನಾಶಿನಿ ಅಳಿವೆಗೆ ಕೊಡಿ. ಬೆಂಗಳೂರಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕುಮಟಾ. ಸಹ್ಯಾದ್ರಿ ಇಳಿದು ಬರುವ ಈ ನದಿಗೆ ದಾರಿಯಲ್ಲೆಲ್ಲೂ ದೊಡ್ಡ ಅಣೆಕಟ್ಟೆಯಿಲ್ಲ. ತದಡಿ ಹತ್ತಿರ ಕಡಲು ಸೇರುವ ಮುಂಚೆ ಆರಾಮಾಗಿ ಕಾಲು ಚಾಚಿಕೊಳ್ಳುತ್ತೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿ ಸೇರಿತು. ಹಾಗಂತ ಬೇಲಿ ಹಾಕಿಟ್ಟ ಪಕ್ಷಿಧಾಮ ಅಂದ್ಕೋಬೇಡಿ, ಊರುಗಳ ನಡುವೆಯೇ ಇರೋ ನೀರು ಇದು.

ಇಲ್ಲಿಗೆ ಹೋಗೋಕೆ ಅಲಾರಂಗಿಂತ ಮುಖ್ಯ ಟೈಡ್ ಟೇಬಲ್. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಸಮಯ ದಿನವೂ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಭರತದಲ್ಲಿ ಬಂದ್ರೆ ಕಾಣೋದು ಬರೀ ನೀರು. ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಲ್ಲಿ ಚುಕ್ಕಿಗಳಾಗಿರುತ್ತವೆ. ನೀರು ಮತ್ತೆ ಏರತೊಡಗಿದ ಹೊತ್ತೇ ಒಳ್ಳೇದು, ಅದೇ ಅವುಗಳನ್ನ ದಡದ ಕಡೆ ಅಟ್ಟಿಕೊಂಡು ಬರುತ್ತೆ.

ಬೆಳ್ಳಕ್ಕಿ, ಮಿಂಚುಳ್ಳಿ, ಮೇಲೆ ಸುತ್ತುವ ಗರುಡ ವರ್ಷವಿಡೀ ಉಂಟು. ಚಳಿಗಾಲದ ಅತಿಥಿಗಳನ್ನ ನೋಡೋಕೆ ಮಾತ್ರ ತಾಳ್ಮೆ ಬೇಕು. ಪುಟ್ಟ ಸ್ಯಾಂಡ್ ಪ್ಲವರ್ ನಾಲ್ಕು ಹೆಜ್ಜೆ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಕುಕ್ಕುತ್ತೆ, ಮತ್ತೆ ಓಟ. ಕರ್ಲ್ಯೂ ತನ್ನ ಕುಡುಗೋಲಿನಂಥ ಕೊಕ್ಕನ್ನ ಕೆಸರಿಗೆ ಇಳಿಸಿ ಆಳದ ಹುಳ ಎಳೀತದೆ. ಒಂದೇ ಕೆಸರು, ಕೊಕ್ಕಿನ ಉದ್ದಕ್ಕೆ ತಕ್ಕ ಊಟ!

ಅದೇ ಕೆಸರಲ್ಲಿ ಸೊಂಟಮಟ್ಟ ನಿಂತು ಹೆಂಗಸರು ಬಳಚು ಆರಿಸ್ತಿದ್ರು. ಚಿಪ್ಪಿನೊಳಗಿನ ಆ ಜೀವಿಯೇ ಇಲ್ಲಿ ಎಷ್ಟೋ ಮನೆಗಳ ಸಂಪಾದನೆ. ನಾನು ಕ್ಯಾಮೆರಾ ಹಿಡಿದು ಬಗ್ಗಿದಾಗ ಒಬ್ಬರು ಕೂಗಿದರು: "ಅಲ್ಲೇ ನಿಂತ್ಕಣಿ ತಂಗಿ, ಇತ್ಲಾಗ್ ಬಂದ್ರೆ ಹುಗೀತ್ರಿ. ಹಕ್ಕಿನೂ ಹಾರಿ ಹೋಗ್ತು."

ಎರಡನೇ ಮಾತು ನಮ್ಮಂಥವರಿಗೆ ಬೇಕಿತ್ತು. ಆಗಷ್ಟೇ ಒಂದು ಪ್ರವಾಸಿ ದೋಣಿ, ಹಕ್ಕಿ ಎದ್ದರೆ ಫೋಟೋ ಚೆಂದ ಅಂತ ಗುಂಪಿನ ಮೇಲೇ ನುಗ್ಗಿತ್ತು. ಒಂದು ರೀಲ್‌ಗೋಸ್ಕರ! ಸಾವಿರಾರು ಕಿಲೋಮೀಟರ್ ವಾಪಸ್ ಹಾರೋ ಮುಂಚೆ ಇವು ಮೈಯಲ್ಲಿ ಕೊಬ್ಬು ತುಂಬಿಸ್ಕೋಬೇಕು. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಸ್ವಲ್ಪ ಖರ್ಚು.

ಕೆಸರು ಅಂದ್ರೆ ಖಾಲಿ ಜಾಗ ಅನ್ನೋ ಲೆಕ್ಕ ದೊಡ್ಡವರದ್ದೂ ಹೌದು. ತದಡಿಗೆ ಒಮ್ಮೆ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬರೋದಿತ್ತು, ಜನರ ವಿರೋಧಕ್ಕೆ ನಿಂತಿತು. ಆಮೇಲೆ ಬಂದರಿನ ಮಾತು ಬಂತು. ಮೀನು ಮರಿ ಬೆಳೆಯೋದು, ಬಳಚು ಸಿಗೋದು ಈ ತೆಳು ನೀರಿನಲ್ಲೇ ಅನ್ನೋದು ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನಡೆಯೋಕೆ ಗಜನಿಯ ಒಡ್ಡುಗಳು ಚೆನ್ನ. ಒಂದು ಕಡೆ ಕಾಂಡ್ಲಾ ಗಿಡ, ಇನ್ನೊಂದು ಕಡೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯೋ ಗದ್ದೆ. ಕೊಯ್ಲಾದ ಮೇಲೆ ಅಲ್ಲೇ ಸಿಗಡಿ, ಮೀನು. ಟೋಪಿ, ನೀರು ಮರೀಬೇಡಿ, ನೆರಳು ಕಮ್ಮಿ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಬಿಸಿಲೇರಿದ ಮೇಲೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಹತ್ತಿ. ಬೈಕುಗಳ ನಡುವೆ ನಿಲ್ಲೋಕೆ ಜಾಗ ಸಿಕ್ಕರೆ ಬಲಗಡೆ ನೋಡ್ತಾ ಇರಿ, ಕೆಸರಿನ ಕೊನೇ ಪಟ್ಟಿ ಮುಳುಗೋದು ಆ ಕಡೆಯೇ.