ಹಿಂದಿನ ಗಾಲಿಯ ಸಾಕ್ಷ್ಯ

ಹಲಸೂರಿನ ನಮ್ಮ ಮನೆಯಿಂದ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ನನ್ನ ತಂದೆಯವರು ನಿತ್ಯವೂ ತುಳಿದುಕೊಂಡು ಹೋಗುತ್ತಿದ್ದ ರ‍್ಯಾಲಿ ಸೈಕಲ್ಲಿಗೆ ಒಂದು ಸ್ಥಳಪುರಾಣವಿದ್ದಿತು. 1947ರಲ್ಲಿ ದಂಡು ಪ್ರದೇಶವು ಬ್ರಿಟಿಷರ ಕೈಯಿಂದ ಮೈಸೂರು ಸಂಸ್ಥಾನಕ್ಕೆ ಮರಳಿದಾಗ, ಊರು ಬಿಟ್ಟು ಹೊರಟ ದೊರೆಯೊಬ್ಬನು ತನ್ನ ಬಂಗಲೆಯ ಸಾಮಾನುಗಳೊಡನೆ ಅದನ್ನೂ ಹರಾಜಿಗಿಟ್ಟನೆಂದೂ, ತಂದೆಯವರು ಅದನ್ನು ಕೂಗಿ ಕೊಂಡರೆಂದೂ ಆ ಪುರಾಣದ ಸಾರ. ಮನೆಗೆ ಬಂದವರಿಗೆ ಕಾಫಿಯೊಡನೆ ಅದರ ಶ್ರವಣವೂ ತಪ್ಪುತ್ತಿರಲಿಲ್ಲ.

ಆ ವಾಹನದ ಹೆಗ್ಗಳಿಕೆಯೆಲ್ಲ ಹಿಂದಿನ ಗಾಲಿಯ ಹಬ್ಬಿನಲ್ಲಿದ್ದಿತು. ಅಟ್ಲಾಸು, ಹರ್ಕ್ಯುಲಿಸುಗಳ ಹಬ್ಬಿನೊಳಗೆ ಎರಡು ಕೋನು, ಒಂದಿಷ್ಟು ಗುಂಡುಗಳಿದ್ದರೆ ಮುಗಿಯಿತು; ಇದರ ಗರ್ಭದಲ್ಲಾದರೋ ಒಂದು ಸೌರಮಂಡಲವೇ ಅಡಗಿತ್ತು. ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿಯವರು 1936ರಲ್ಲಿ ಹೊರತಂದ, ಮೂರು ಗೇರುಗಳ ಎ.ಡಬ್ಲ್ಯು. ಎಂಬ ಮಾದರಿಯದು. ಅಚ್ಚಿಗೆ ಅಂಟಿಕೊಂಡಿರುವ 20 ಹಲ್ಲಿನ ಸೂರ್ಯಚಕ್ರ, ಅದನ್ನು ಪ್ರದಕ್ಷಿಣೆ ಮಾಡುವ 20 ಹಲ್ಲಿನ ನಾಲ್ಕು ಗ್ರಹಚಕ್ರಗಳು, ಇವನ್ನೆಲ್ಲ ಬಳಸಿ 60 ಹಲ್ಲಿನ ಒಂದು ಬಳೆ. ಮೊದಲ ಗೇರಿನಲ್ಲಿ ಸರಪಣಿಯ ಹಲ್ಲುಗಾಲಿ 4 ಸುತ್ತು ಬಂದರೆ ಚಕ್ರವು 3 ಸುತ್ತು ಬರುವುದು. ಎರಡನೆಯದರಲ್ಲಿ ಸಮಕ್ಕೆ ಸಮ. ಮೂರನೆಯದರಲ್ಲಿ ಹಲ್ಲುಗಾಲಿಯ 3 ಸುತ್ತಿಗೆ ಚಕ್ರದ್ದು 4. ಹಲಸೂರು ಕೆರೆಯ ತಗ್ಗಿನಿಂದ ಏರಿಬರುವಾಗ ಮೊದಲನೆಯದು, ಬೈಯಪ್ಪನಹಳ್ಳಿಯನ್ನು ದಾಟಿದ ಮೇಲೆ ಮೂರನೆಯದು; ಹಬ್ಬಿನ ಮೇಲಿರುವ ಪುಟ್ಟ ಮುಚ್ಚಳವನ್ನೆತ್ತಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೊಟ್ಟಿಕ್ಕಿಸುವುದು ಭಾನುವಾರದ ವಿಧಿ. ರಥನಾಭಿಯನ್ನು ಬ್ರಹ್ಮವಿಚಾರಕ್ಕೆ ಉಪಮಾನವಾಗಿ ಬಳಸಿದ ಉಪನಿಷತ್ತಿನ ಋಷಿಗಳು ಅದಕ್ಕೆ ಎಣ್ಣೆ ಹಾಕುವ ಕೆಲಸವನ್ನು ಶಿಷ್ಯರಿಗೆ ಬಿಟ್ಟಿದ್ದರೆಂದು ತೋರುತ್ತದೆ.

ತಂದೆಯವರು ತೀರಿಕೊಂಡು ಬಹುಕಾಲದ ಮೇಲೆ ಆ ಸೈಕಲ್ಲನ್ನು ಮತ್ತೆ ಬೀದಿಗಿಳಿಸಿದಾಗ ಒಂದು ವಿಚಿತ್ರ ವ್ಯಾಧಿ ಕಾಣಿಸಿಕೊಂಡಿತು. ಮೂರನೆಯ ಗೇರಿನಲ್ಲಿ ಸ್ವಲ್ಪ ಬಲವಾಗಿ ತುಳಿದೊಡನೆ ಪೆಡಲ್ಲು ಆಧಾರವಿಲ್ಲದಂತೆ ಕೆಳಗೆ ಕುಸಿದು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಇಂದಿರಾನಗರದ ಗಾಜಿನ ಬಾಗಿಲಿನ ಅಂಗಡಿಯೊಂದರಲ್ಲಿ, “ಇದೆಲ್ಲ ರಿಪೇರಿ ಆಗಲ್ಲ ಅಂಕಲ್, ಹೊಸ ವೀಲೇ ಹಾಕಿಸಿಬಿಡಿ” ಎಂಬ ಸಲಹೆ ದೊರೆಯಿತು. ಸವೆದಿರುವುದು ಯಾವುದೆಂದು ತಿಳಿಯದೆ ಇಡಿಯ ಚಕ್ರವನ್ನೇ ಕಿತ್ತೊಗೆಯುವುದು ಚಿಕಿತ್ಸೆಯಲ್ಲ, ಸೋಮಾರಿತನ. ಆದುದರಿಂದ ಶಿವಾಜಿನಗರಕ್ಕೆ ನಡೆದೆನು.

ರಸೆಲ್ ಮಾರುಕಟ್ಟೆಯ ಸಮೀಪದ ಸಂದಿಯೊಂದರಲ್ಲಿ, ಕತ್ತಿನವರೆಗೂ ಹಳೆಯ ರಿಮ್ಮುಗಳಿಂದ ತುಂಬಿದ ಅಂಗಡಿಯಲ್ಲಿ ಕುಳಿತಿದ್ದ ವೃದ್ಧ ಸಾಹೇಬರು ಸ್ಪ್ಯಾನರನ್ನು ಮುಟ್ಟುವ ಮೊದಲು ಗಾಲಿಯನ್ನೆತ್ತಿ ತಿರುಗಿಸಿ, ತಲೆಯನ್ನು ಓರೆ ಮಾಡಿ ಆಲಿಸಿದರು. “ಕುತ್ತಾ ಎಲ್ಲ ಸರಿಯಾಗಿವೆ ಸಾರ್, ಸದ್ದು ಕೇಳಿ. ಒಂದು, ಎರಡು ಗೇರು ಹಿಡಿಯುತ್ತಲ್ಲ?” ಎಂದರು. ಹಿಡಿಯುತ್ತದೆಂದೆ. “ಹಂಗಾದ್ರೆ ಕ್ಲಚ್ಚೇ ಹೋಗಿರೋದು.” ಈ ತರ್ಕದ ಸೊಬಗು ನನಗೆ ಹೊಳೆಯಲು ತುಸು ಸಮಯ ಹಿಡಿಯಿತು. ಮೊದಲ ಗೇರಿನಲ್ಲಿ ಚಕ್ರವನ್ನು ತಳ್ಳುವುದು ಗ್ರಹಗಳ ಪಂಜರದ ಕುತ್ತಾಗಳು (ಒಂದೇ ದಿಕ್ಕಿಗೆ ಹಿಡಿಯುವ ಚಿಕ್ಕ ಕೊಕ್ಕೆಗಳು), ಎರಡನೆಯದರಲ್ಲಿ ಹೊರಬಳೆಯ ಕುತ್ತಾಗಳು. ಎರಡೂ ಗೇರು ಹಿಡಿಯುವುದರಿಂದ ಅವೆಲ್ಲವೂ ನಿರ್ದೋಷಿಗಳು. ಮೂರನೆಯದರಲ್ಲಿ ಮಾತ್ರ ಕ್ಲಚ್ಚಿನ ತೋಳುಗಳು ಗ್ರಹಗಳ ಗೂಟದ ತುದಿಗಳನ್ನು ಹಿಡಿದು ದೂಡಬೇಕು.

ಹಬ್ಬಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯ ಚಿಂದಿಯಿಂದ ಒರೆಸಿದಾಗ ಕಂಪನಿಯ ಹೆಸರು ಮೂಡಿತು, ಅದರೊಡನೆ ಎರಡು ಅಂಕೆಗಳೂ ಮೂಡಿದವು: 52. ಸ್ಟರ್ಮಿ-ಆರ್ಚರಿನವರು ತಯಾರಾದ ವರ್ಷವನ್ನು ಹಬ್ಬಿನ ಮೇಲೆಯೇ ಒತ್ತುತ್ತಿದ್ದರು. 1947ರ ಹರಾಜಿನಲ್ಲಿ ಕೊಂಡ ಸೈಕಲ್ಲಿಗೆ 1952ರ ಹಬ್ಬು! ನಾನು ಬೆರಗಾಗಿ ನಿಂತಿರಲು, ಸಾಹೇಬರು ಬಲಗಡೆಯ ಬಳೆಯ ಮೇಲೆ ಸೀಮೆಸುಣ್ಣದಿಂದ ಗೆರೆಯೆಳೆದರು. ಆ ಬಳೆಯ ತಿರುಪು ಎರಡು ಕಡೆಯಿಂದ ಆರಂಭವಾಗುವುದಂತೆ. ಬಿಚ್ಚಿದ ಕಡೆಯಿಂದಲೇ ಮರಳಿ ಹೊಗಿಸದಿದ್ದರೆ ಗಾಲಿಯು ನಡುದಾರಿ ತಪ್ಪಿ ಪಕ್ಕಕ್ಕೆ ಸರಿಯುವುದು. ಬಳಿಕ ಉಳಿಯನ್ನಿಟ್ಟು ಸುತ್ತಿಗೆಯಿಂದ ನಾಲ್ಕೇಟು ಕೊಟ್ಟು, ಗ್ರಹಮಂಡಲವನ್ನೆಲ್ಲ ಒಂದೇ ಹಿಡಿಯಲ್ಲಿ ಹೊರಗೆಳೆದರು.

ಕೈಗೆ ಬಂದ ಕ್ಲಚ್ಚು ನಾಲ್ಕು ತೋಳುಗಳ ಉಕ್ಕಿನ ಒಂದು ತುಂಡು. ಪ್ರತಿಯೊಂದು ತೋಳಿನ ಒಂದು ಅಂಚು ಬೆರಳನ್ನು ಕೊಯ್ಯುವಷ್ಟು ಹರಿತವಾಗಿದ್ದಿತು. ಗೂಟವನ್ನು ತಳ್ಳುವ ಇನ್ನೊಂದು ಅಂಚು ಮಾತ್ರ ಚೀಪಿದ ಪೆಪ್ಪರಮೆಂಟಿನಂತೆ ದುಂಡಗಾಗಿದ್ದಿತು. ಗೇರಿನ ತಂತಿ ಅತಿಬಿಗಿಯಾಗಿದ್ದು, ಕ್ಲಚ್ಚು ಪೂರ್ತಿ ಒಳಸೇರದೆ ಅಂಚಿನಲ್ಲೇ ಹಿಡಿದು ಜಾರಿ ಸವೆಯಿತೆಂದು ಸಾಹೇಬರ ನಿರ್ಣಯ. ಬದಲಿ ಎಲ್ಲಿಂದ ತರುವುದೆಂಬ ಚಿಂತೆಗೆ ಅವಕಾಶವಾಗಲಿಲ್ಲ. ಡಬ್ಬದಿಂದ ಇನ್ನೊಂದು ಮೃತ ಹಬ್ಬನ್ನು ತೆಗೆದರು. ಅದರ ಮೇಲೆ 61 ಎಂದಿದ್ದಿತು. ಅದರ ಕ್ಲಚ್ಚು ನಮ್ಮದರೊಳಗೆ ತಕರಾರಿಲ್ಲದೆ ಕುಳಿತಿತು. ಆ ಕಂಪನಿಯು 2000ದಲ್ಲಿ ತೈವಾನಿನವರ ವಶವಾದ ಮೇಲೂ ಮೂರು ಗೇರುಗಳ ಹಬ್ಬುಗಳು ತಯಾರಾಗುತ್ತಲೇ ಇವೆಯೆಂದು ಕೇಳಿದಾಗ ಸಾಹೇಬರು ಹುಬ್ಬನ್ನೂ ಏರಿಸಲಿಲ್ಲ.

ಹಬ್ಬು ಸರಿಹೋಯಿತು, ಪುರಾಣಕ್ಕೆ ಮಾತ್ರ ಪೆಟ್ಟಾಯಿತು. ಕೆ.ಆರ್. ಪುರದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಅರುಹಿದಾಗ ಅವಳು, “ಅಣ್ಣ ಸುಳ್ಳು ಹೇಳೋರಲ್ಲ ಕಣೋ, ಆಮೇಲೆ ಯಾವಾಗಲೋ ಗಾಲಿ ಬದಲಾಯಿಸಿರ‍್ತಾರೆ” ಎಂದಳು. ಇರಬಹುದು. ಆದರೆ ನನಗೆ ತೋರುವುದು ಬೇರೆ. 1948ರಲ್ಲಿ ಆರಂಭವಾದ ಐ.ಟಿ.ಐ.ಗೆ ಲಿವರ್‌ಪೂಲಿನ ಕಂಪನಿಯೊಂದರ ತಾಂತ್ರಿಕ ಸಹಕಾರವಿದ್ದಿತು. ಆ ಸಂಬಂಧದಿಂದ ಬಂದ ಯಾವನೋ ಇಂಜಿನಿಯರನು ಮರಳಿ ಹೋಗುವಾಗ ಮಾರಿದ ಸೈಕಲ್ಲಿದು. ದಂಡಿನ ದೊರೆಯೂ ಹರಾಜೂ ತಂದೆಯವರ ಕಾವ್ಯಾಲಂಕಾರ. ಇದನ್ನು ಹೇಳಿದಾಗ ಅಕ್ಕನಿಗೆ ಕೋಪವೇ ಬಂದಿತು: ಅದೇ ಹರಾಜಿನಲ್ಲಿ ಸೈಕಲ್ಲಿನ ಜೊತೆಗೆ ಕೊಂಡ ಪಿಂಗಾಣಿ ಟೀ ಪಾತ್ರೆ ಇಂದಿಗೂ ತನ್ನ ಬೀರುವಿನಲ್ಲಿದೆ, ಅದೂ ಸುಳ್ಳೇನೋ ಎಂದಳು. ಪಿಂಗಾಣಿಯವರೂ ತಳದಲ್ಲಿ ಮುದ್ರೆಯೊತ್ತುವುದುಂಟು, ಮಗುಚಿ ನೋಡೆಂದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಹೇಳಿ ಫೋನಿಟ್ಟುಬಿಟ್ಟಳು.