ಅಜ್ಜಿಮನೆಯ ಕೋವಿ

ಇಗತಪುರಿಯಲ್ಲಿ ಮಳೆ ಹಿಡಿದು ಘಾಟಿನ ಮೇಲೆ ಮಂಜು ಇಳಿಯಿತೆಂದರೆ, ಕೊಡಗು-ಮಲೆನಾಡಿನ ಕಡೆಯವರಾದ ನಮಗೆ ಊರು ನೆನಪಾಗದೆ ಇರದು. ನಾವು ಗುಮಾಸ್ತಿಕೆಯವರು, ರಜೆ ಮಂಜೂರಾದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಅಜ್ಜಿಮನೆಗೆ ಕರೆದೊಯ್ಯುತ್ತೇವೆ. ಕ್ವಾರ್ಟರ್ಸಿನಲ್ಲಿ ಬೆಳೆದ ಮಕ್ಕಳಿಗೆ ಅಲ್ಲಿ ಎಲ್ಲವೂ ಹೊಸದು: ತೋಟ, ಹೊಳೆ, ಕೊಟ್ಟಿಗೆ, ಗೋಡೆಯ ಮೇಲಿನ ಕೋವಿ. ಹೊಳೆಗೆ ಇಳಿಯಬೇಡಿ ಎಂದು ಎಲ್ಲ ತಾಯಿತಂದೆಯರೂ ಹೇಳುತ್ತಾರೆ. ಕೋವಿಯ ಮಾತು ಮಾತ್ರ ಅನೇಕರ ಬಾಯಿಗೆ ಬರುವುದಿಲ್ಲ.

ಕೊಡಗಿನಲ್ಲಿ ಕೋವಿ ಬರಿಯ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಹಾರಿಸುವುದು ಅಲ್ಲಿನ ಪದ್ಧತಿ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. ಆದರೆ ವಿನಾಯಿತಿ ಇರುವುದು ಪರವಾನಗಿಗೆ, ಎಚ್ಚರಿಕೆಗಲ್ಲ. ಆ ಎಚ್ಚರಿಕೆಯನ್ನು ಸಂಪ್ರದಾಯವೇ ಕಲಿಸಿದೆ. ಗದ್ದೆ ಕೆಲಸದ ಕಾಲದಲ್ಲಿ ಆಯುಧಗಳನ್ನು ಕನ್ನಿಕೋಂಬರೆಯಲ್ಲಿ ಇರಿಸಿ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ತೋಕ್ ಪೂ ಮುಡಿಸಿ, ಪೂಜಿಸಿ ಹೊರತೆಗೆಯುತ್ತಾರೆ. ಕೋವಿಗೂ ಒಂದು ಜಾಗ, ಒಂದು ಹೊತ್ತು ಇದೆಯೆಂಬುದೇ ಇದರ ಅರ್ಥ.

ಮಲೆನಾಡಿನಲ್ಲಿ ಬೆಳೆ ಕಾಯಲು ಇಟ್ಟುಕೊಂಡ ಕೇಪಿನ ಕೋವಿಯ ಕಥೆ ಬೇರೆ. ಮದ್ದು, ಗುಂಡುಗಳನ್ನು ನಳಿಗೆಯ ಬಾಯಿಂದ ಗಜದಲ್ಲಿ ಜಡಿದು ತುಂಬುತ್ತಾರೆ. ಒಮ್ಮೆ ತುಂಬಿದ್ದನ್ನು ತೆಗೆಯುವುದು ತ್ರಾಸದ ಕೆಲಸ. ಆದ್ದರಿಂದ ಕೇಪು ಮಾತ್ರ ತೆಗೆದು, ತುಂಬಿದ ಕೋವಿಯನ್ನೇ ತೂಗುಹಾಕುವವರಿದ್ದಾರೆ. ನಾವು ಬಿ.ಎಸ್ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಮರೆತಿದ್ದರೂ ಇಷ್ಟು ನೆನಪಿದೆ: ಕೇಪಿನ ಮದ್ದಿಗೆ ಬೆಂಕಿ ಬೇಡ, ಪೆಟ್ಟು ಸಾಕು. ದೀಪಾವಳಿಯ ಆಟದ ಪಿಸ್ತೂಲಿಗೆ ಕೇಪು ಹಾಕಿ ಹೊಡೆದ ಹುಡುಗ, ಅಜ್ಜನ ಪೆಟ್ಟಿಗೆಯಲ್ಲಿ ಕೇಪು ಸಿಕ್ಕರೆ ಸುಮ್ಮನಿದ್ದಾನೆಯೆ?

ಅನೇಕ ಮನೆಗಳಲ್ಲಿ ಬಂದೂಕಿರುವ ಅಮೆರಿಕದಲ್ಲಿ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಸರಳ: ಮನೆಯಲ್ಲಿ ಬಂದೂಕು ಇಲ್ಲದಿರುವುದೇ ಒಳ್ಳೆಯದು; ಇದ್ದರೆ ಬರಿದು ಮಾಡಿ ಬೀಗ ಹಾಕಿ, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡಿ. ಅಟ್ಟದ ಮೇಲಿಡುವುದು, ಬೀರುವಿನ ಹಿಂದೆ ಬಚ್ಚಿಡುವುದು ಬೀಗಕ್ಕೆ ಸಮವಲ್ಲ. ಲಡ್ಡಿನ ಡಬ್ಬಿ ಎಲ್ಲಿದ್ದರೂ ಹುಡುಕುವ ಮಕ್ಕಳು ಕೋವಿಯನ್ನು ಹುಡುಕಲಾರರೆ? ಬೀಗದ ಕೈ ಮೊಳೆಗೆ ನೇತಾಡದೆ ದೊಡ್ಡವರ ಸೊಂಟದಲ್ಲಿರಬೇಕು. ಮಕ್ಕಳಿಗೂ ಹೇಳಿಕೊಡೋಣ: ಕೋವಿ ಕಂಡರೆ ಮುಟ್ಟಬೇಡ, ಅಲ್ಲಿಂದ ದೂರ ಹೋಗು, ದೊಡ್ಡವರಿಗೆ ತಿಳಿಸು. ಆದರೆ ಹೇಳಿದ ಮಾತು ಮರೆತುಹೋಗಬಹುದು; ಬೀಗ ಮರೆಯುವುದಿಲ್ಲ.

ಕಷ್ಟವಿರುವುದು ಕೇಳುವುದರಲ್ಲಿ. “ಮಾವ, ಕೋವಿ ಎಲ್ಲಿಟ್ಟಿದ್ದೀರಿ?” ಎಂದು ಅಳಿಯನಾದವನು ಕೇಳಿದರೆ ಅವರು ಏನೆಂದುಕೊಂಡಾರೋ ಎಂಬ ಸಂಕೋಚ. ಮೊಮ್ಮಕ್ಕಳ ಮೇಲಿನ ಅಕ್ಕರೆಯಲ್ಲಿ ಅವರೇನೂ ನಮಗೆ ಕಡಿಮೆಯಲ್ಲ. ಮಕ್ಕಳು ಬರುವ ತಾರೀಕು ತಿಳಿಸುವ ಫೋನಿನಲ್ಲೇ ಇದನ್ನೂ ಸೇರಿಸಿದರೆ, ನಾವು ರೈಲು ಇಳಿಯುವ ಮೊದಲೇ ಕೋವಿ ಬರಿದಾಗಿ ಪೆಟ್ಟಿಗೆ ಸೇರಿರುತ್ತದೆ.